ಪಾಳು ಮನೆ ಎಬ್ಬಿಸಿದ್ದು, ಹತ್ತು ವರ್ಷದ ತೆರಿಗೆ ವಿನಾಯಿತಿ ಪಡೆದದ್ದು: ಫಿಲಡೆಲ್ಫಿಯಾದಲ್ಲಿ ನನ್ನ ಅನುಭವ

ಫಿಲಡೆಲ್ಫಿಯಾದಲ್ಲಿ ಹಳೆ ಮನೆ ಕೊಂಡು ಚೆನ್ನಾಗಿ ರಿಪೇರಿ ಮಾಡಿಸಿದರೆ, ಆ ರಿಪೇರಿಯಿಂದ ಏರಿದ ಬೆಲೆಯ ಮೇಲೆ 10 ವರ್ಷ ಆಸ್ತಿ ತೆರಿಗೆ ಇರುವುದಿಲ್ಲ. ಇಲ್ಲಿ ಎಲ್ಲರೂ ಇದನ್ನು ಅಬೇಟ್‌ಮೆಂಟ್ ಅಂತಾರೆ. ನಾನೂ ನನ್ನ ಗಂಡನೂ ಒಂದು ಪಾಳು ಮನೆಯನ್ನು ಈ ವಿನಾಯಿತಿ ನಂಬಿಕೊಂಡೇ ಎಬ್ಬಿಸಿದೆವು. ಮನೆ ಹುಡುಕುತ್ತಿರುವ ಕನ್ನಡದವರು ಸಿಕ್ಕಾಗಲೆಲ್ಲ ಇದರ ಬಗ್ಗೆ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಊರು ಇಂಥ ವಿನಾಯಿತಿ ಯಾಕೆ ಕೊಟ್ಟಿತು ಅನ್ನುವುದು ಮೊದಲು ಗೊತ್ತಿರಬೇಕು. 1950ರಲ್ಲಿ ಫಿಲಡೆಲ್ಫಿಯಾದ ಜನಸಂಖ್ಯೆ 20 ಲಕ್ಷ ದಾಟಿತ್ತು. 2000ದ ಹೊತ್ತಿಗೆ ಅದು 15 ಲಕ್ಷಕ್ಕೆ ಇಳಿದಿತ್ತು. ನಮ್ಮ ಮನೆ ಇರುವ ಕೆನ್ಸಿಂಗ್ಟನ್ ಕಡೆ ಒಂದು ಕಾಲಕ್ಕೆ ಬಟ್ಟೆ ಮಿಲ್ಲು, ಕಾರ್ಪೆಟ್ ಮಿಲ್ಲು ತುಂಬಿದ್ದವು. ಹೆಸರಾಂತ ಸ್ಟೆಟ್ಸನ್ ಟೋಪಿ ತಯಾರಾಗುತ್ತಿದ್ದದ್ದೂ ಇಲ್ಲೇ. ಮಿಲ್ಲು ಮುಚ್ಚಿದವು, ಕೆಲಸ ಹೋಯಿತು, ಮನೆಗಳಿಗೆ ಬೀಗ ಬಿತ್ತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಹತ್ತಿ ಮಿಲ್ಲು ಮುಚ್ಚಿದ ಮೇಲೆ ಸುತ್ತಲಿನ ಬೀದಿಗಳು ಹೇಗಾಗುತ್ತವೆ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂಥ ಬೀದಿಯಲ್ಲಿ ಒಂದು ಲೆಕ್ಕ ಸದಾ ಎಡವುತ್ತದೆ. ಮನೆ ಸಸ್ತಾ ಸಿಗುತ್ತದೆ, ಆದರೆ ಇಲ್ಲಿ ಗಾರೆ ಕೆಲಸ, ಮರಗೆಲಸ, ಪ್ಲಂಬಿಂಗ್ ಎಲ್ಲಾ ತುಂಬಾ ದುಬಾರಿ. ಕೊಂಡ ಬೆಲೆಗೆ ರಿಪೇರಿ ಖರ್ಚು ಸೇರಿಸಿದರೆ, ಆಮೇಲೆ ಮಾರಿದರೂ ಅಷ್ಟು ಬರುವುದಿಲ್ಲ. ಅದರ ಮೇಲೆ ರಿಪೇರಿ ಮಾಡಿದ ತಪ್ಪಿಗೆ ತೆರಿಗೆಯೂ ಏರಿದರೆ ಯಾರು ಕೈಹಾಕುತ್ತಾರೆ? ಆ ಕೊರತೆಯನ್ನು ಸ್ವಲ್ಪ ತುಂಬಿಕೊಡಲು ನಗರ 1997ರಲ್ಲಿ ಖಾಲಿ ಬಿದ್ದ ಕಟ್ಟಡಗಳನ್ನು ವಾಸದ ಮನೆ ಮಾಡುವವರಿಗೆ ವಿನಾಯಿತಿ ಕೊಟ್ಟಿತು. 2000ದಲ್ಲಿ ಅದನ್ನು ಹೊಸದಾಗಿ ಕಟ್ಟುವವರಿಗೂ ವಿಸ್ತರಿಸಿತು. ಬೆಂಗಳೂರಿನಲ್ಲಿ ಏಪ್ರಿಲ್ ಒಳಗೆ ತೆರಿಗೆ ಕಟ್ಟಿದರೆ ಸಿಗುವ 5% ರಿಯಾಯಿತಿ ಅಷ್ಟೇ ನೋಡಿದ್ದ ನನಗೆ ಮೊದಲು ಇದು ನಂಬುವ ಮಾತೇ ಅಲ್ಲ ಅನ್ನಿಸಿತ್ತು.

ನಮ್ಮ ಮನೆ ನಾರಿಸ್ ಸ್ಕ್ವೇರ್ ಪಾರ್ಕಿನ ಹತ್ತಿರ. ಎರಡಂತಸ್ತು, ಇಟ್ಟಿಗೆ, ಅಗಲ ಕಡಿಮೆ, ಉದ್ದ ಜಾಸ್ತಿ. ಎರಡೂ ಪಕ್ಕದ ಗೋಡೆ ನೆರೆಮನೆಯವರ ಜೊತೆ ಹಂಚಿಕೊಂಡದ್ದು. ಈ ಊರಿನ ತುಂಬ ಇಂಥ ಸಾಲುಮನೆಗಳೇ. ಕಿಟಕಿಗೆ ಪ್ಲೈವುಡ್ ಹೊಡೆದಿತ್ತು. ಚಾವಣಿ ಸೋರಿ ಸೋರಿ, ಗೋಡೆಯೊಳಗೆ ಕೂತಿದ್ದ ತೊಲೆಗಳ ತುದಿ ಕೊಳೆತಿತ್ತು. ಹಿಂದಿನ ಅಡುಗೆಮನೆ ಗೋಡೆ ಹೊಟ್ಟೆ ಬಿಟ್ಟಿತ್ತು.

ಆ ಗೋಡೆಯ ವಿಷಯ ಹೇಳಲೇಬೇಕು. ಕಾಂಟ್ರಾಕ್ಟರ್ ಸಿಮೆಂಟ್ ಹಾಕಿ ಸಂದು ತುಂಬಿಬಿಡೋಣ ಅಂದ. ನಾನು ಸ್ಟ್ರಕ್ಚರಲ್ ಎಂಜಿನಿಯರ್, ಒಪ್ಪಲಿಲ್ಲ. ಇಂಥ ಹಳೆ ಮನೆಗಳ ಇಟ್ಟಿಗೆ ಮೆತ್ತಗಿರುತ್ತದೆ. ಸಂದಿನಲ್ಲಿ ಗಟ್ಟಿ ಸಿಮೆಂಟ್ ಇದ್ದರೆ ತೇವ ಹೊರಗೆ ಹೋಗಲು ಇಟ್ಟಿಗೆ ಬಿಟ್ಟು ಬೇರೆ ದಾರಿ ಇಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಪದರ ಪದರವಾಗಿ ಉದುರುತ್ತದೆ. ಸುಣ್ಣದ ಗಾರೆಯೇ ಬೇಕು ಅಂತ ಹಠ ಹಿಡಿದೆ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಕೂಲಿ ಜಾಸ್ತಿ ಬೀಳುತ್ತದೆ. ತೆರಿಗೆಯಲ್ಲಿ ಉಳಿಯುವ ದುಡ್ಡು ಎಷ್ಟು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರಿಂದಲೇ ಆ ಹಠ ಹಿಡಿಯುವ ಧೈರ್ಯ ಬಂತು.

ಆ ಲೆಕ್ಕ ಹೀಗೆ, ಅಂಕಿ ಸ್ವಲ್ಪ ರೌಂಡ್ ಮಾಡಿದ್ದೇನೆ. ರಿಪೇರಿಗೆ ಮುಂಚೆ ನಗರದ ದಾಖಲೆಯಲ್ಲಿ ಮನೆಯ ಬೆಲೆ 80,000 ಡಾಲರ್. ಆದ ಮೇಲೆ 2,50,000. ಇಲ್ಲಿ ತೆರಿಗೆ ದರ 1.3998%. ವಿನಾಯಿತಿ ಇಲ್ಲದಿದ್ದರೆ ವರ್ಷಕ್ಕೆ 3,500 ಡಾಲರ್ ಕಟ್ಟಬೇಕಿತ್ತು. ಏರಿದ 1,70,000ಕ್ಕೆ ಮಾಫಿ ಸಿಕ್ಕಿದ್ದರಿಂದ ಬಿಲ್ಲು 1,120ಕ್ಕೆ ನಿಂತಿತು. ವರ್ಷಕ್ಕೆ ಸುಮಾರು 2,380 ಉಳಿತಾಯ.

ಅರ್ಜಿ ಕಷ್ಟದ್ದಲ್ಲ, ಆದರೆ ತಾನಾಗಿ ಏನೂ ಬರುವುದಿಲ್ಲ. ನಾವೇ ಕೇಳಬೇಕು. ಕಟ್ಟಡದ ಪರ್ಮಿಟ್ ಕೈಗೆ ಬಂದ ಕೂಡಲೇ ಅದರ ಪ್ರತಿ, ಅಂದಾಜು ಖರ್ಚು ಸೇರಿಸಿ ನಗರದ ಆಸ್ತಿ ಮೌಲ್ಯಮಾಪನ ಕಚೇರಿಗೆ ಅರ್ಜಿ ಹಾಕಿದೆ. ಗಡುವು ಇರುತ್ತದೆ, ಕೆಲಸ ಮುಗಿಯಲಿ ಅಂತ ಕಾಯುತ್ತಾ ಕೂರಬಾರದು. ಪರ್ಮಿಟ್ ಇಲ್ಲದೆ ಮಾಡಿಸಿದ ಕೆಲಸಕ್ಕೆ ಏನೂ ಸಿಗದು. ಸುಮ್ನೆ ಬಣ್ಣ ಬಳಿಸಿದ್ದಕ್ಕೂ ಸಿಗದು. ಹಳೆ ತೆರಿಗೆ ಬಾಕಿ ಇರಬಾರದು. ಪಾಳು ಮನೆಗಳ ಮೇಲೆ ವರ್ಷಗಟ್ಟಲೆ ಬಾಕಿ ಇರುವುದು ಮಾಮೂಲು, ಕೊಳ್ಳುವಾಗಲೇ ಅದನ್ನು ತೀರಿಸಿಕೊಳ್ಳಬೇಕು.

ಇನ್ನೊಂದು ತೊಡಕು ಕಾಗದಪತ್ರದ್ದು. ನಮ್ಮ ಕಡೆ ಪೌತಿ ಖಾತೆ ಆಗದ ಆಸ್ತಿ ಇರುತ್ತದಲ್ಲ, ಇಲ್ಲೂ ಹಾಗೇ. ಅಜ್ಜ ತೀರಿಕೊಂಡು ಎಷ್ಟೋ ವರ್ಷ ಆಗಿದ್ದರೂ ಮನೆ ಅವರ ಹೆಸರಲ್ಲೇ ಇರುತ್ತದೆ. 2021ರಲ್ಲಿ ಪ್ಯೂ ಅನ್ನುವ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ಈ ಒಂದೇ ಊರಲ್ಲಿ ಇಂಥ ಆಸ್ತಿಗಳು 10,000ಕ್ಕೂ ಜಾಸ್ತಿ ಇದ್ದವು. ಅಲ್ಲಿ ಇರುವವರಿಗೆ ಸಾಲ ಹುಟ್ಟುವುದು ಕಷ್ಟ, ಸಾಲವಿಲ್ಲದೆ ರಿಪೇರಿ ಆಗಲ್ಲ. ಯಾವ ವಿನಾಯಿತಿಯೂ ಅವರ ಹತ್ತಿರ ಸುಳಿಯುವುದಿಲ್ಲ. ಬೀದಿ ಉದ್ಧಾರ ಆಗಬೇಕು ಅಂದರೆ ಮೊದಲು ಬೇಕಿರುವುದು ಈ ಕಾಗದ ಸರಿ ಮಾಡಿಕೊಡುವ ವಕೀಲರು ಅಂತ ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಪೋರ್ಟೊರಿಕೊದವರು, ಈ ಬೀದಿಗೆ ಬಂದಾಗ ಚಿಕ್ಕ ಹುಡುಗಿಯಂತೆ. ಅವರ ಚಾವಣಿ, ಬಚ್ಚಲುಮನೆ ಎರಡೂ ಹಾಳಾಗಿದ್ದವು. ನೀವೂ ಅಬೇಟ್‌ಮೆಂಟ್‌ಗೆ ಹಾಕಿ, ತೆರಿಗೆ ಉಳಿಯುತ್ತೆ ಅಂತ ಯಾರೋ ಹೇಳಿದ್ದರು. ಫಾರಂ ಹಿಡಿದುಕೊಂಡು ನಮ್ಮ ಮೆಟ್ಟಿಲ ಮೇಲೆ ಬಂದು ಕೂತರು.

ತುಂಬುವ ಮೊದಲು ಅವರ ತೆರಿಗೆ ಬಿಲ್ಲು ತರಿಸಿ ನೋಡಿದೆ. ಅವರಿಗೆ ಆಗಲೇ ಹೋಮ್‌ಸ್ಟೆಡ್ ವಿನಾಯಿತಿ ಇತ್ತು. ಸ್ವಂತ ಮನೆಯಲ್ಲೇ ವಾಸ ಇರುವವರಿಗೆ ನಗರ ಕೊಡುವಂಥದ್ದು ಅದು. 2025ರಿಂದ ಮನೆಯ ಬೆಲೆಯಲ್ಲಿ 1,00,000 ಡಾಲರ್ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಅಂದರೆ ವರ್ಷಕ್ಕೆ ಸುಮಾರು 1,400 ಡಾಲರ್ ಉಳಿತಾಯ, ಅದೂ 10 ವರ್ಷಕ್ಕೆ ಮುಗಿದುಹೋಗುವಂಥದ್ದಲ್ಲ. ಮುಖ್ಯ ವಿಷಯ ಏನೆಂದರೆ, ಒಂದೇ ಮನೆಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಅವರ ರಿಪೇರಿಯಿಂದ ಬೆಲೆ ಹೆಚ್ಚೆಂದರೆ 40,000 ಏರಬಹುದಿತ್ತು. ಅದಕ್ಕೆ ಅಬೇಟ್‌ಮೆಂಟ್ ಉಳಿಸುವುದು ವರ್ಷಕ್ಕೆ 560. ಬಿಲ್ಲಿನ ಲಕೋಟೆಯ ಹಿಂದೆ ಎರಡೂ ಅಂಕಿ ಬರೆದು ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಹಾಗಾದ್ರೆ ಇದು ನನಗೆ ಬೇಡಮ್ಮ, ನಿಮ್ಮಂಥವರಿಗೆ" ಅಂದರು.

ಅವರು ಹೇಳಿದ್ದು ನಿಜ. ಇದು ದೊಡ್ಡ ಖರ್ಚು ಮಾಡಬಲ್ಲವರಿಗೆ ಇರುವ ವಿನಾಯಿತಿ. ಬೆಲೆ 1,00,000 ಡಾಲರ್‌ಗಿಂತ ಜಾಸ್ತಿ ಏರಿದರೆ ಅಬೇಟ್‌ಮೆಂಟ್, ಇಲ್ಲದಿದ್ದರೆ ಹೋಮ್‌ಸ್ಟೆಡ್. ಸ್ವಂತಕ್ಕೆ ವಾಸ ಇರುವವರಿಗೆ ನಾನು ಹೇಳುವ ಲೆಕ್ಕ ಇಷ್ಟೇ. ಬೀದಿ ಚೆನ್ನಾಗಿ ಆದಂತೆ ಅಜ್ಜಿಯ ಮನೆಯ ಬೆಲೆಯೂ ದಾಖಲೆಯಲ್ಲಿ ಏರುತ್ತದೆ. ಅವರು ಒಂದು ಇಟ್ಟಿಗೆ ಮುಟ್ಟದಿದ್ದರೂ ತೆರಿಗೆ ಏರುತ್ತದೆ. ಬಹಳ ವರ್ಷದಿಂದ ಇರುವವರ ಬಿಲ್ಲು ಒಮ್ಮೆಲೇ ಏರಿದರೆ ತಡೆಯಲು ಆದಾಯದ ಮಿತಿ ಇಟ್ಟು ಲೂಪ್ ಅಂತ ಇನ್ನೊಂದು ಯೋಜನೆ ಇದೆ. ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. ಈಗ ಅಬೇಟ್‌ಮೆಂಟ್ ಕೇಳಿಕೊಂಡು ಬರುವವರಿಗೆ ನಾನು ಮೂರರ ಲೆಕ್ಕವನ್ನೂ ಹಾಕಿಕೊಡುತ್ತೇನೆ.

ಹೊಸದಾಗಿ ಕಟ್ಟುವವರಿಗೆ ಪೂರ್ತಿ ಮಾಫಿ ಕೊಡುವುದು ತಪ್ಪು ಅಂತ ಇಲ್ಲಿ ಬಹಳ ವರ್ಷ ಜಗಳ ನಡೆಯಿತು. ಆಸ್ತಿ ತೆರಿಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಸರ್ಕಾರಿ ಶಾಲೆಗಳಿಗೆ. ಹಾಗಾಗಿ ಆ ಸಿಟ್ಟು ನ್ಯಾಯವಾದದ್ದೇ. 2019ರ ಕೊನೆಗೆ ನಗರಸಭೆ ಕಾನೂನು ತಿದ್ದಿತು. ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋಗಿ, 2022ರಿಂದ ಜಾರಿಗೆ ಬಂತು. ಈಗ ಹೊಸ ಮನೆಗೆ ಮೊದಲ ವರ್ಷ ಮಾತ್ರ 100% ಮಾಫಿ, ಆಮೇಲೆ ವರ್ಷಕ್ಕೆ 10% ಇಳಿಯುತ್ತಾ ಹೋಗುತ್ತದೆ. ಕೂಡಿ ನೋಡಿದರೆ ಹತ್ತು ವರ್ಷದ ಬದಲು ಐದೂವರೆ ವರ್ಷದಷ್ಟು ಮಾಫಿ. ಹಳೆ ಮನೆ ರಿಪೇರಿಗೆ ಮಾತ್ರ ಪೂರ್ತಿ ಹತ್ತು ವರ್ಷ ಹಾಗೇ ಉಳಿಯಿತು. ನನಗೆ ಇದು ತುಂಬಾ ಸರಿ ಕಂಡಿತು. ಖಾಲಿ ಸೈಟಿನಲ್ಲಿ ಕಟ್ಟುವುದು ಸುಲಭ, ಬೇಡಿಕೆ ಇರುವ ಕಡೆ ವಿನಾಯಿತಿ ಇಲ್ಲದಿದ್ದರೂ ಕಟ್ಟುತ್ತಾರೆ. ಕೊಳೆತ ತೊಲೆ ಬದಲಿಸಿ, ಹೊಟ್ಟೆ ಬಿಟ್ಟ ಗೋಡೆ ನಿಲ್ಲಿಸುವವರಿಗೇ ಕೈಹಿಡಿಯುವವರು ಬೇಕು. ಸಾಲಿನ ನಡುವಿನ ಒಂದು ಮನೆ ಕುಸಿದರೆ ಎರಡೂ ಪಕ್ಕದ ಮನೆಗಳ ಗೋಡೆ ಮಳೆಗೆ ತೆರೆದುಕೊಳ್ಳುತ್ತದೆ ಅಲ್ವಾ!

ಬೇರೆಯವರು ಪಡೆದ ಅಬೇಟ್‌ಮೆಂಟ್ ಇರುವ ಮನೆ ಕೊಳ್ಳುವವರಿಗೂ ಒಂದು ಮಾತು. ವಿನಾಯಿತಿ ಮನೆಯ ಜೊತೆಗೇ ಬರುತ್ತದೆ, ಮಾರಿದರೂ ಉಳಿದ ವರ್ಷಗಳು ಕೊಂಡವರಿಗೆ ಸಿಗುತ್ತವೆ. ಆದರೆ ಜಾಹೀರಾತಿನಲ್ಲಿ ಕಾಣುವ ತೆರಿಗೆ ಈ ವರ್ಷದ್ದು ಮಾತ್ರ. ಫಿಶ್‌ಟೌನ್ ಕಡೆ ಇಂಥ ಟೌನ್‌ಹೌಸ್ ನೋಡುತ್ತಿದ್ದ ಒಬ್ಬ ಕನ್ನಡದ ಗೆಳತಿಗೆ ಮೌಲ್ಯಮಾಪನ ಕಚೇರಿಯ ವೆಬ್‌ಸೈಟಿನಲ್ಲಿ ಆ ಮನೆಯ ವಿಳಾಸ ಹಾಕಿ ತೋರಿಸಿದೆ. ಯಾವ ವರ್ಷ ಎಷ್ಟು ಬೆಲೆಗೆ ತೆರಿಗೆ, ಎಷ್ಟಕ್ಕೆ ಮಾಫಿ ಅಂತ ಅಲ್ಲಿ ಸಾಲುಸಾಲಾಗಿ ಇರುತ್ತದೆ. ಮಾಫಿ ಶುರುವಾದ ವರ್ಷ ನೋಡಿ, ಮುಗಿದ ಮೇಲಿನ ಪೂರ್ತಿ ತೆರಿಗೆಯನ್ನು ತಿಂಗಳ ಕಂತಿಗೆ ಸೇರಿಸಿ, ಅಷ್ಟು ಕಟ್ಟಲು ಆಗುತ್ತದಾ ಅಂತ ನೋಡಿಕೊಂಡೇ ಮುಂದುವರಿಯಿರಿ ಅಂದೆ. ಅವರು ಅದೇ ಬೀದಿಯ ಇನ್ನೊಂದು ಚಿಕ್ಕ ಮನೆ ತೆಗೆದುಕೊಂಡರು.