ಬೆನ್ನುಮೂಳೆ ಮುರಿದು ಮಹಾಧಮನಿಯೂ ಹರಿದಾಗ: ಮುಂಬೈ, ಪುಣೆ, ಗೋವಾ ಕನ್ನಡಿಗರಿಗೆ

ವೇಗದ ಕಾರು ಗುದ್ದಿ ಗಕ್ಕನೆ ನಿಂತಾಗ, ಕಟ್ಟಡದ ಮೇಲಿಂದ ಬಿದ್ದಾಗ, ಎದೆಮಟ್ಟದ ಬೆನ್ನುಮೂಳೆಯ ಜೊತೆಗೆ ಅದಕ್ಕೆ ಆತುಕೊಂಡೇ ಇಳಿಯುವ ಮಹಾಧಮನಿಯೂ (ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳ) ಹರಿಯಬಹುದು. ಹೆಚ್ಚಾಗಿ ಹರಿಯುವುದು ಎಡಗೈಯ ರಕ್ತನಾಳ ಕವಲೊಡೆದ ತುಸು ಕೆಳಗೆ. ಹೊರಪದರ ಉಳಿದಿದ್ದರೆ ರಕ್ತ ಅಲ್ಲೇ ತಡೆದು ನಿಂತು, ರೋಗಿ ಮಾತಾಡುತ್ತಲೂ ಇರಬಹುದು. ಹಾಗಾಗಿ ಎತ್ತಿ ರಿಕ್ಷಾದಲ್ಲಿ ಕೂರಿಸಲೇಬೇಡಿ. ಮಹಾರಾಷ್ಟ್ರ, ಗೋವಾ ಎರಡರಲ್ಲೂ 108ಕ್ಕೆ ಕರೆ ಮಾಡಿ. ಎತ್ತಲು ಬಂದವರಿಗೆ "ಮಣಕ್ಯಾಲಾ ಮಾರ್ ಲಾಗಲಾಯ್, ಹಲವೂ ನಕಾ" (ಬೆನ್ನುಮೂಳೆಗೆ ಪೆಟ್ಟಾಗಿದೆ, ಅಲುಗಿಸಬೇಡಿ) ಎನ್ನಿ.

ಸಿಟಿ ಆಂಜಿಯೋ (ರಕ್ತನಾಳ ತೋರಿಸುವ ಸ್ಕ್ಯಾನ್), ರಕ್ತನಾಳದ ಸರ್ಜನ್, ಬೆನ್ನುಮೂಳೆ ಸರ್ಜನ್ ಮೂರೂ ಒಂದೇ ಕಡೆ ಇರಬೇಕು. ಮುಂಬೈಯ ಕೆಇಎಂ, ಸಾಯನ್, ಪುಣೆಯ ಸಸೂನ್, ಗೋವಾದ ಬಾಂಬೋಳಿಯ ಜಿಎಂಸಿ ದೊಡ್ಡ ಸರಕಾರಿ ಇಲ್ಲವೇ ಪಾಲಿಕೆ ಆಸ್ಪತ್ರೆಗಳು. ಎಲ್ಲಿಗೆ ಹೋದರೂ ಮಹಾಧಮನಿಗೆ ಸ್ಟೆಂಟ್ (ಹರಿದ ಜಾಗವನ್ನು ಒಳಗಿನಿಂದ ಮುಚ್ಚುವ ಕೊಳವೆ) ಈಗಲೇ ಹಾಕಬಲ್ಲರೇ ಎಂದು ಕೇಳಿ. ಆಸ್ಪತ್ರೆಯ ವೈದ್ಯರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ದಾಖಲಿಸುತ್ತಾರೆ, ಆದರೆ ಅದಕ್ಕಾಗಿ ಚಿಕಿತ್ಸೆ ನಿಲ್ಲಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಬೇರೆಡೆಗೆ ಕಳಿಸಿದರೆ ಸ್ಕ್ಯಾನಿನ ಸಿಡಿ ಜೊತೆಯಲ್ಲೇ ಹೋಗಲಿ.

ಚಿಕಿತ್ಸೆಯ ಕಷ್ಟವೆಲ್ಲ ಇರುವುದು ಬಿಪಿಯಲ್ಲಿ. ಹರಿದ ಮಹಾಧಮನಿಗೆ ಮೇಲಿನ ಬಿಪಿ 100–120ರೊಳಗೆ, ನಾಡಿ 100ಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಎಸ್ಮೊಲಾಲ್ ಅಥವಾ ಲ್ಯಾಬೆಟಲಾಲ್ ಡ್ರಿಪ್, ನೋವಿಗೆ ಔಷಧಿ. ಮಿದುಳುಬಳ್ಳಿಗೂ (ಬೆನ್ನುಮೂಳೆಯೊಳಗಿನ ನರಗಳ ಹುರಿ) ಪೆಟ್ಟಾಗಿದ್ದರೆ ಅದಕ್ಕೆ ರಕ್ತ ಹರಿಯಲು ಸರಾಸರಿ ಒತ್ತಡ (ಮೇಲಿನ, ಕೆಳಗಿನ ಬಿಪಿಗಳ ನಡುವಿನ ಲೆಕ್ಕ) ಸಾಮಾನ್ಯವಾಗಿ 85–90 ಬೇಕು. ಒಂದಕ್ಕೆ ಇಳಿಸಬೇಕು, ಇನ್ನೊಂದಕ್ಕೆ ಏರಿಸಬೇಕು. ಸಾಮಾನ್ಯವಾಗಿ ಮೊದಲು ಸ್ಟೆಂಟ್ ಹಾಕುವುದು ಇದಕ್ಕೇ: ತೊಡೆಯ ನಾಳದಿಂದ ಒಳಬಿಟ್ಟು ಹರಿದ ಜಾಗ ಮುಚ್ಚಿದ ಮೇಲೆ ಬಿಪಿ ಏರಿಸಬಹುದು, ಬೆನ್ನುಮೂಳೆಗೆ ಸ್ಕ್ರೂ ಹಾಕಲು ಬೋರಲು ಮಲಗಿಸಲೂಬಹುದು. ಮುಚ್ಚುವ ಮುನ್ನ ಬೋರಲು ಹಾಕುವುದು ಅಪಾಯ. ಒಳಪದರ ಮಾತ್ರ ಸ್ವಲ್ಪ ಸೀಳಿದ್ದರೆ ಸ್ಟೆಂಟ್ ಬೇಕಾಗದು. ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ. "ಯಾವುದು ಮೊದಲು, ಏಕೆ?" ಎಂದು ಇಬ್ಬರೂ ಸರ್ಜನ್‌ಗಳನ್ನು ಒಟ್ಟಿಗೆ ಕೇಳುವುದು ನಿಮ್ಮ ಹಕ್ಕು. ತಲೆಯಲ್ಲೂ ರಕ್ತಸ್ರಾವವಿದ್ದರೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಎಷ್ಟು, ಕೊಡಬೇಕೇ ಎಂದೂ ಕೇಳಿ.

ಖರ್ಚು: ವಾಹನ ಅಪಘಾತವಾದರೆ ಕೇಂದ್ರದ 2025ರ ನಗದುರಹಿತ ಯೋಜನೆಯಲ್ಲಿ 7 ದಿನ, ₹1.5 ಲಕ್ಷದವರೆಗೆ ಸಿಗುತ್ತದೆ. ಇದು ಸ್ಟೆಂಟಿಗೇ ಸಾಲದು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರಿಗೆ ಮೊದಲ ದಿನವೇ ತೋರಿಸಿ.

ಸ್ಟೆಂಟ್ ಆದ ಮೇಲೆ ಕಾಲ್ಬೆರಳು ಆಡಿಸಲು ಆಗಾಗ ಹೇಳಿ ನೋಡಿ. ಆಡುತ್ತಿದ್ದ ಕಾಲು ಸೋತರೆ ಮಿದುಳುಬಳ್ಳಿಗೆ ರಕ್ತ ಕಡಿಮೆಯಾಗಿರಬಹುದು. ಬಿಪಿ ಏರಿಸಿ, ಬೇಕಿದ್ದರೆ ಮಿದುಳುಬಳ್ಳಿಯ ಸುತ್ತಲಿನ ದ್ರವವನ್ನು ಬೆನ್ನಿನಿಂದ ಇಳಿಸಿದರೆ ಬಲ ಮರಳಬಹುದು. ಬೆಳಗಿನ ರೌಂಡ್‌ಗೆ ಕಾಯದೆ ಕೂಡಲೇ ನರ್ಸಿಗೆ ಹೇಳಿ.