ಆಬರ್ಗವೆನ್ನಿಯ ಕೈದಿ: ರುಡಾಲ್ಫ್ ಹೆಸ್‌ನ ಸೆರೆವಾಸವನ್ನು ಅಭ್ಯಾಸ ಮಾಡುವ ಬಗೆ

ಹಿಟ್ಲರನ ಉಪನಾಯಕನಾಗಿದ್ದ ರುಡಾಲ್ಫ್ ಹೆಸ್ 1941ರ ಮೇ 10ರ ರಾತ್ರಿ ತಾನೇ ವಿಮಾನ ನಡೆಸಿಕೊಂಡು ಸ್ಕಾಟ್ಲೆಂಡಿಗೆ ಬಂದು, ಪ್ಯಾರಾಶೂಟಿನಲ್ಲಿ ಹೊಲಕ್ಕಿಳಿದ ಕಥೆ ಬಹಳ ಮಂದಿಗೆ ಗೊತ್ತು. ಆ ಹಾರಾಟ ಕೆಲವೇ ಗಂಟೆಗಳದು. ಬ್ರಿಟನ್ನಿನಲ್ಲಿ ಅವನು ಸೆರೆಯಲ್ಲಿ ಕಳೆದದ್ದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ಅದರಲ್ಲಿ ಮೂರು ವರ್ಷಕ್ಕೂ ಮಿಕ್ಕಿದ ಅವಧಿ ವೇಲ್ಸಿನ ಆಬರ್ಗವೆನ್ನಿ ಎಂಬ ಪುಟ್ಟ ಪೇಟೆಯ ಅಂಚಿನಲ್ಲಿ ಸಂದಿತು. ಈ ವಿಷಯವನ್ನು ಓದಲು ಅಥವಾ ಬರೆಯಲು ಹೊರಟವರು ಆ ಮೂರು ವರ್ಷಗಳಿಗೇ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ಹಾಳೆಯಲ್ಲಿ ತಾರೀಖುಗಳನ್ನೂ ಸ್ಥಳಗಳನ್ನೂ ಬರೆದುಕೊಳ್ಳಿ. ಗ್ಲಾಸ್ಗೋ ಬಳಿಯ ಈಗಲ್‌ಶಾಮ್‌ನಲ್ಲಿ ಸಿಕ್ಕಿಬಿದ್ದಾಗ ಅವನು ಹೇಳಿಕೊಂಡ ಹೆಸರು ಆಲ್ಫ್ರೆಡ್ ಹಾರ್ನ್. ಅಲ್ಲಿಂದ ಕೆಲವು ದಿನ ಲಂಡನ್ ಟವರ್, ಬಳಿಕ ಆಲ್ಡರ್‌ಶಾಟ್ ಸಮೀಪದ ಮಿಚೆಟ್ ಪ್ಲೇಸ್ ಎಂಬ ಬಂಗಲೆ, 1942ರ ಜೂನ್ 26ರಿಂದ ಆಬರ್ಗವೆನ್ನಿಯ ಮೇಂಡಿಫ್ ಕೋರ್ಟ್ ಆಸ್ಪತ್ರೆ, 1945ರ ಅಕ್ಟೋಬರ್ 8ರಂದು ನಾಜಿ ನಾಯಕರ ವಿಚಾರಣೆ ನಡೆದ ಜರ್ಮನಿಯ ನ್ಯೂರೆಂಬರ್ಗ್. ಈ ಪಟ್ಟಿ ಕೈಯಲ್ಲಿದ್ದರೆ ಅರ್ಧದಷ್ಟು ವದಂತಿಗಳು ತಾವಾಗಿಯೇ ಉದುರಿಹೋಗುತ್ತವೆ. ಸೆರೆಯಲ್ಲಿದ್ದವನು ಹೆಸ್ ಅಲ್ಲ, ಅವನನ್ನು ಹೋಲುವ ಬೇರೊಬ್ಬ ಎಂಬ ವಾದಕ್ಕಂತೂ ಹೆಚ್ಚು ಹೊತ್ತು ಕೊಡಬೇಡಿ. 1982ರಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಯ ಡಿಎನ್‌ಎಯನ್ನು ಬಂಧುವೊಬ್ಬರ ಡಿಎನ್‌ಎಯೊಂದಿಗೆ ಹೋಲಿಸಿದ ಪರೀಕ್ಷೆ 2019ರಲ್ಲಿ ಪ್ರಕಟವಾಗಿ ಅದನ್ನು ತಳ್ಳಿಹಾಕಿದೆ.

ಎರಡನೆಯ ಕೆಲಸ ಕಡತಗಳ ಓದು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ವಿದೇಶಾಂಗ ಇಲಾಖೆಯ ಕಡತಗಳಿವೆ. ಅವನನ್ನು ನೋಡಿಕೊಂಡ ಮನೋವೈದ್ಯರ ಬರಹಗಳನ್ನು ಜೆ. ಆರ್. ರೀಸ್ 1947ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಇವನ್ನು ಓದುವಾಗ ವೈದ್ಯರು ಕಣ್ಣಾರೆ ಕಂಡದ್ದನ್ನು ಒಂದು ಬದಿಗೆ, ಅದಕ್ಕೆ ಅವರು ಕೊಟ್ಟ ಅರ್ಥವನ್ನು ಇನ್ನೊಂದು ಬದಿಗೆ ಬರೆದುಕೊಳ್ಳಿ. 1941ರ ಜೂನ್‌ನಲ್ಲಿ ಮಿಚೆಟ್‌ನ ಮಹಡಿ ಮೆಟ್ಟಿಲಿನ ಕಟಕಟೆ ಹಾರಿ ತೊಡೆಯ ಮೂಳೆ ಮುರಿದುಕೊಂಡದ್ದು, 1945ರ ಫೆಬ್ರವರಿ 4ರಂದು ಮೇಂಡಿಫ್‌ನಲ್ಲಿ ಬ್ರೆಡ್ ಕೊಯ್ಯುವ ಚಾಕುವಿನಿಂದ ಎದೆಗೆ ಇರಿದುಕೊಂಡದ್ದು ನಡೆದ ಘಟನೆಗಳು. ಮರೆವಿನ ಸಂಗತಿ ಹಾಗಲ್ಲ. 1943ರ ಕೊನೆಯ ಹೊತ್ತಿಗೆ ತನಗೆ ಏನೂ ನೆನಪಿಲ್ಲವೆನ್ನತೊಡಗಿದ ಅವನೇ, 1945ರ ನವೆಂಬರ್ 30ರಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಅದು ನಟನೆಯಾಗಿತ್ತೆಂದು ಹೇಳಿದ. ಆ ಹೇಳಿಕೆಯನ್ನೂ ಪೂರ್ತಿ ನಂಬಬೇಕಾಗಿಲ್ಲ. ಕಾಯಿಲೆಯೋ ನಾಟಕವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಆತುರ ಬೇಡ.

ಬ್ರಿಟನ್ನಿನಲ್ಲಿ ಇರುವವರು ಅಥವಾ ಅಲ್ಲಿಗೆ ಹೋಗುವವರು ಒಂದು ದಿನವನ್ನು ಆಬರ್ಗವೆನ್ನಿಗೆ ಮೀಸಲಿಡಲಿ. ಊರಿಗೆ ರೈಲು ನಿಲ್ದಾಣವಿದೆ. ಮೇಂಡಿಫ್ ಕೋರ್ಟ್ ನೋಡಿ ನಲಿಯುವ ತಾಣವಲ್ಲ, ರೋಗಿಗಳಿಗಾಗಿ ಇದ್ದ ಜಾಗ. ಹೊರಗಿನಿಂದ ಕಂಡಷ್ಟಕ್ಕೆ ತೃಪ್ತಿಪಡಿ. ಅನಂತರ 486 ಮೀಟರ್ ಎತ್ತರದ ಸ್ಕಿರಿಡ್ ಬೆಟ್ಟವನ್ನು ಹತ್ತಿ. ಕಾವಲಿನವರ ಜೊತೆಯಲ್ಲಿ ಹೆಸ್ ಈ ಸುತ್ತಿನಲ್ಲೆಲ್ಲ ಅಡ್ಡಾಡುತ್ತಿದ್ದ. ವಾಹನದಲ್ಲಿ ವೈಟ್ ಕ್ಯಾಸಲ್ ಎಂಬ ಹಾಳುಕೋಟೆಯವರೆಗೂ ಕರೆದೊಯ್ಯುತ್ತಿದ್ದರು. ಮೇಲೆ ನಿಂತು ಕೆಳಗಿನ ಹಸಿರು ಹೊಲಗಳನ್ನು ನೋಡಿದಾಗ, ಮುಳ್ಳುತಂತಿಯ ಶಿಬಿರಗಳಲ್ಲಿದ್ದ ಸಾಮಾನ್ಯ ಯುದ್ಧಕೈದಿಗಳಿಗಿಂತ ಇವನ ಸೆರೆ ಎಷ್ಟು ಬೇರೆಯಾಗಿತ್ತೆಂಬುದು ಯಾವ ಕಡತಕ್ಕಿಂತಲೂ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಕೋಟೆಯ ಕಂದಕದಲ್ಲಿ ಅವನು ಹಂಸಗಳಿಗೆ ತಿನಿಸು ಹಾಕುತ್ತಿದ್ದನೆಂದು ಊರಿನಲ್ಲಿ ಹೇಳುವುದುಂಟು. ಇಂಥದ್ದನ್ನು ಟಿಪ್ಪಣಿಯಲ್ಲಿ ಸೇರಿಸುವಾಗ ಪಕ್ಕದಲ್ಲಿ ‘ಊರ ಮಾತು’ ಎಂದು ಗುರುತು ಹಾಕಿ.

ಕೊನೆಗೆ, ಅವನ ಪೊಟ್ಟಣಗಳ ವಿವರವನ್ನು ಬಿಡದೆ ಓದಿ. ತನಗೆ ವಿಷವಿಕ್ಕುತ್ತಿದ್ದಾರೆಂಬ ಶಂಕೆಯಿಂದ ಅವನು ಊಟದ ತುಣುಕುಗಳನ್ನು ಕಾಗದದಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ ಜೋಪಾನ ಮಾಡುತ್ತಿದ್ದ. ನಿರಪೇಕ್ಷರಾದ ಯಾರಾದರೂ ಪರೀಕ್ಷಿಸಲಿ ಎಂದು ಅವನ್ನು ನ್ಯೂರೆಂಬರ್ಗ್‌ಗೂ ಹೊತ್ತೊಯ್ದ.