ಕುಕ್ಕರ್ ಕೂಗಿದರೆ ಮಂಚದಡಿ ಸೇರುವ ಬೆಳ್ಳಿ

ನಮ್ಮ ಮನೆ ಉಡುಪಿ ಹತ್ತಿರ ಸಂತೆಕಟ್ಟೆಯಲ್ಲಿ. ಯಾರೋ ಬಿಟ್ಟುಹೋದ ನಾಯಿಮರಿಗಳನ್ನು ಸಾಕಿ, ದೊಡ್ಡದು ಮಾಡಿ, ಬೇಕಾದವರಿಗೆ ಕೊಡುವುದು ನನ್ನ ಹಳೇ ಚಾಳಿ. ಐದು ವರ್ಷದ ಹಿಂದೆ ಜೂನ್ ಮಳೆಯಲ್ಲಿ ಗೇಟಿನ ಪಕ್ಕ ಒಂದು ಗೋಣಿಚೀಲ, ಒಳಗೆ ಎರಡು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಪ್ಪಗಿದ್ದವನು ಕರಿಯ, ಬಿಳಿಯವಳು ಬೆಳ್ಳಿ. ಇಬ್ಬರನ್ನೂ ಯಾರಿಗೂ ಕೊಡಲಾಗಲಿಲ್ಲ, ಆ ಕಥೆ ಬೇಡ.

ಇಷ್ಟು ಚಿಕ್ಕ ಮರಿಗೆ ದನದ ಹಾಲು ಆಗಿಬರುವುದಿಲ್ಲ, ಭೇದಿ ಶುರುವಾಗುತ್ತದೆ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ಕಲಸಿ, ರಾತ್ರಿಯೂ ಬಿಡದೆ ಮೂರು ಗಂಟೆಗೊಮ್ಮೆ ಕುಡಿಸಿದೆ. ಕುಡಿದ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಹೊಟ್ಟೆ, ಬಾಲದ ಬುಡ ಒರೆಸಬೇಕು. ಮೊದಲ ಎರಡು ಮೂರು ವಾರ ಮರಿಗೆ ಉಚ್ಚೆ ಹೊಯ್ಯುವುದಕ್ಕೂ ತಾಯಿ ನೆಕ್ಕಲೇಬೇಕು, ತಾನಾಗಿ ಬರುವುದಿಲ್ಲ. ತಾಯಿ ಇಲ್ಲದ ಕಡೆ ನನ್ನ ಬಟ್ಟೆಯೇ ನಾಲಿಗೆ.

ಎಡವಿದ್ದು ಆಮೇಲೆ. ಐದನೇ ವಾರ ಬೆಳ್ಳಿ ಸೊರಗಿದಳು. ನನಗೆ ಪಾರ್ವೊ ಭಯ, ಅದು ಮರಿಗಳ ಜೀವ ತೆಗೆಯುವ ವಾಂತಿಭೇದಿಯ ಅಂಟುರೋಗ, ಹಿಂದೆ ಒಂದು ಮರಿ ಹಾಗೇ ಹೋಗಿತ್ತು. ಅವಳನ್ನು ಹಿಂದಿನ ಕೋಣೆಯಲ್ಲಿಟ್ಟು, ಬಾಗಿಲು ಹಾಕಿ, ಯಾರೂ ಮುಟ್ಟಬಾರದು ಎಂದುಬಿಟ್ಟೆ. ಹುಷಾರಾದ ಮೇಲೂ ಹೊರಗೆ ಬಿಡಲಿಲ್ಲ, ಲಸಿಕೆ ಎಲ್ಲಾ ಮುಗಿಯಲಿ ಎಂದು ಮೂರೂವರೆ ತಿಂಗಳವರೆಗೆ ಅಲ್ಲೇ ಇಟ್ಟೆ. ಕರಿಯ ಮಾತ್ರ ಚಾವಡಿಯಲ್ಲಿ ಮಕ್ಕಳ ಕಾಲಡಿ, ಮಿಕ್ಸಿ ಸದ್ದಿನ ನಡುವೆ, ಹೆದ್ದಾರಿಯ ಬಸ್ ಹಾರ್ನ್ ಕೇಳುತ್ತಾ ಬೆಳೆದ.

ಈಗ ನೋಡಿ. ಎಲ್ಲಾದರೂ ಯಕ್ಷಗಾನದ ಆಟ ಇದ್ದು ಚೆಂಡೆ ಕೇಳಿದರೆ ಕರಿಯ ಒಮ್ಮೆ ಕಿವಿ ನಿಮಿರಿಸಿ ಮತ್ತೆ ಮಲಗುತ್ತಾನೆ. ಬೆಳ್ಳಿಗೆ ಕುಕ್ಕರ್ ಒಂದು ಸಲ ಕೂಗಿದರೆ ಸಾಕು, ಮಂಚದಡಿ ಹೋಗಿ ನಡುಗುತ್ತಾಳೆ. ಮೊದಲ ದೀಪಾವಳಿಗೆ ಎರಡು ದಿನ ಅನ್ನ ಮುಟ್ಟಲಿಲ್ಲ.

ಡಾಕ್ಟರು ಬೈಯಲಿಲ್ಲ, ಆದರೆ ಸುಮ್ನೆ ಹೇಳಿದರು: ನಾಯಿಮರಿ ಲೋಕವನ್ನು ಪರಿಚಯ ಮಾಡಿಕೊಳ್ಳುವುದು ಹೆಚ್ಚುಕಮ್ಮಿ ಮೂರರಿಂದ ಹನ್ನೆರಡು ವಾರದೊಳಗೆ, ಆ ಬಾಗಿಲನ್ನು ನೀವೇ ಹಾಕಿದಿರಿ. ಲಸಿಕೆ ಮುಗಿಯದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡು ಪೇಟೆ ತೋರಿಸಬಹುದಿತ್ತಂತೆ. ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ.

ಆಮೇಲೆ ಕುತೂಹಲಕ್ಕೆ ಓದುತ್ತಾ ಹೋದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಮೀನಿ ತಂಡ ಇಲಿಗಳಲ್ಲಿ ನೋಡಿದ್ದು ಇದು: ತಾಯಿ ಜಾಸ್ತಿ ನೆಕ್ಕಿ ಬೆಳೆಸಿದ ಮರಿ ದೊಡ್ಡದಾದ ಮೇಲೆ ಹೆದರಿದರೂ ಬೇಗ ತಣ್ಣಗಾಗುತ್ತದೆ. ಒತ್ತಡದ ಹಾರ್ಮೋನು ಏರಿದಾಗ 'ಸಾಕು, ನಿಲ್ಲಿಸು' ಎಂದು ಮೆದುಳಿಗೆ ತಿಳಿಸುವ ಗ್ರಾಹಕಗಳು ಅಂಥ ಮರಿಗಳಲ್ಲಿ ಜಾಸ್ತಿ. ಬ್ರೇಕು ಗಟ್ಟಿ ಎನ್ನಿ. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಜಾಸ್ತಿ ನೆಕ್ಕುವವಳ ಹತ್ತಿರ ಹಾಕಿದರೆ ಅದೂ ಸಾಕಿದವಳ ಹಾಗೇ ಆಯಿತು, ಹೆತ್ತವಳ ಹಾಗಲ್ಲ. ಆ ಗ್ರಾಹಕದ ಜೀನಿನ ಮೇಲೆ ಕೂತು ಅದರ ಕೆಲಸವನ್ನು ತಗ್ಗಿಸುವ ಮಿಥೈಲ್ ಎಂಬ ರಾಸಾಯನಿಕ ಗುರುತುಗಳೇ ಬದಲಾಗುತ್ತವೆ ಎಂದು 2004ರಲ್ಲಿ ತೋರಿಸಿದರು. ನನ್ನ ಒದ್ದೆ ಬಟ್ಟೆ ನೆನಪಾಗಿ ಮೈ ಜುಂ ಅಂತು.

ಇಲಿಯದ್ದನ್ನು ನಾಯಿಗೆ ಹಾಗೇ ಅಂಟಿಸಬಾರದು, ಗೊತ್ತು. ಕರಿಯ ಹುಟ್ಟಾ ಗಟ್ಟಿಗನೇ ಇದ್ದಿರಬಹುದು, ಎರಡು ಮರಿ ಇಟ್ಟುಕೊಂಡು ಏನೂ ಸಾಬೀತಾಗುವುದಿಲ್ಲ. ಆದರೂ ಈಗ ಬರುವ ಯಾವ ಮರಿಯನ್ನೂ ನಾನು ಸದ್ದಿಲ್ಲದ ಕೋಣೆಯಲ್ಲಿ ಇಡುವುದಿಲ್ಲ. ದಿನಾ ಸ್ವಲ್ಪ ಹೊತ್ತು ಬೇರೆ ಬೇರೆಯವರ ಕೈಗೆ ಕೊಟ್ಟು, ಪಾತ್ರೆ ಸದ್ದು ಕೇಳಿಸಿ, ಮತ್ತೆ ಬೆಚ್ಚಗೆ ಮಡಿಲಿಗೆ ಹಾಕಿಕೊಳ್ಳುತ್ತೇನೆ. ಸ್ವಲ್ಪವೇ, ಮರಿ ಕಿರುಚುವಷ್ಟಲ್ಲ.

ಬೆಳ್ಳಿಗೂ ಏನೋ ಮಾಡುತ್ತಿದ್ದೇನೆ. ಮೊಬೈಲಿನಲ್ಲಿ ಪಟಾಕಿ ಸದ್ದು ರೆಕಾರ್ಡ್ ಮಾಡಿಟ್ಟು, ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಜೊತೆಗೆ ಮುಳ್ಳು ತೆಗೆದ, ಉಪ್ಪು ಖಾರ ಹಾಕದ ಬೇಯಿಸಿದ ಬಂಗುಡೆ. ವಾರಗಟ್ಟಲೆ ಹಾಗೇ, ಅವಳು ತಿನ್ನುವುದು ನಿಲ್ಲಿಸಿದರೆ ಮತ್ತೆ ಸದ್ದು ಇಳಿಸುವುದು. ಮನೆಯವರಿಗೆ ನಗು, ಮೀನು ಪೂರಾ ನಾಯಿಗೇ ಹೋಯಿತು ಎಂದು. ಹೋದ ದೀಪಾವಳಿಗೂ ಮಂಚದಡಿಯೇ ಸೇರಿದಳು. ಆದರೆ ರಾತ್ರಿ ಹತ್ತಕ್ಕೆ ಹೊರಗೆ ಬಂದು, ಕರಿಯನ ಬಟ್ಟಲನ್ನೂ ಖಾಲಿ ಮಾಡಿದಳು.